ಕ್ವೀನ್ಸ್ ಪಾರ್ಕಿನಿಂದ ಸಿಟಿ ಹಾಲ್‌ವರೆಗೆ, ಸೈಕಲ್ ಮೇಲೆ

2025ರ ಸೆಪ್ಟೆಂಬರ್. ಟೊರೊಂಟೊದಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಬಾಡಿಗೆ ಸೈಕಲ್ ಹಿಡಿದು ಕ್ವೀನ್ಸ್ ಪಾರ್ಕಿನ ಹತ್ತಿರದಿಂದ ಹೊರಟೆ. ಬಿಸಿಲಿತ್ತು, ಆದರೂ ಗಾಳಿಗೆ ಕೈಬೆರಳು ಜುಮ್ಮೆನ್ನುತ್ತಿತ್ತು. ಕ್ವೀನ್ಸ್ ಪಾರ್ಕ್ ಅಂದರೆ ಒಂಟಾರಿಯೊ ಪ್ರಾಂತ್ಯದ ವಿಧಾನಸಭೆ ಇರುವ ಜಾಗ. ಅಲ್ಲಿಂದ ಯೂನಿವರ್ಸಿಟಿ ಅವೆನ್ಯೂ ನೆಟ್ಟಗೆ ದಕ್ಷಿಣಕ್ಕೆ ಹೋಗುತ್ತದೆ. ಕ್ವೀನ್ ಸ್ಟ್ರೀಟಿನಲ್ಲಿ ಎಡಕ್ಕೆ ತಿರುಗಿದರೆ ಸಿಟಿ ಹಾಲ್, ಅಂದರೆ ನಗರಸಭೆಯ ಕಚೇರಿ. ಎರಡು ಸರ್ಕಾರಗಳ ನಡುವೆ ಸುಮಾರು ಎರಡು ಕಿಲೋಮೀಟರ್ ಅಷ್ಟೇ. ಅವುಗಳ ಜಗಳವೂ ಇದೇ ದಾರಿಯ ಮೇಲೆ.

ಇಲ್ಲಿ ಸೈಕಲ್ ಲೇನ್ ಹಾಕಿದ್ದು ನಗರಸಭೆ, 2020ರಲ್ಲಿ, ಕೋವಿಡ್ ಕಾಲಕ್ಕೆ. 2024ರ ನವೆಂಬರಿನಲ್ಲಿ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಡಗ್ ಫೋರ್ಡ್ ಸರ್ಕಾರ 212ನೇ ಮಸೂದೆ ಪಾಸು ಮಾಡಿತು. ಬ್ಲೂರ್, ಯಂಗ್, ಯೂನಿವರ್ಸಿಟಿ ರಸ್ತೆಗಳ ಲೇನ್ ಕೀಳಬೇಕು. ಇನ್ನು ಮುಂದೆ ಕಾರಿನ ಲೇನ್ ತೆಗೆದು ಸೈಕಲ್ಲಿಗೆ ಕೊಡುವುದಾದರೆ ಯಾವ ನಗರವಾದರೂ ಪ್ರಾಂತ್ಯದ ಒಪ್ಪಿಗೆ ಕೇಳಬೇಕು ಎಂದೂ ಆ ಮಸೂದೆ ಹೇಳಿತ್ತು. ಟ್ರಾಫಿಕ್ ಜಾಮ್ ಕಡಿಮೆ ಮಾಡಲು ಅನ್ನೋದು ಅವರ ಕಾರಣ. ಕೀಳುವುದಕ್ಕೇ 4 ಕೋಟಿ 80 ಲಕ್ಷ ಡಾಲರ್ ಆಗುತ್ತದೆ ಎಂದು ನಗರದ ಅಧಿಕಾರಿಗಳು ಲೆಕ್ಕ ಕೊಟ್ಟರು.

ಈ ರಸ್ತೆಯಲ್ಲಿ ಸಾಲು ಸಾಲು ಆಸ್ಪತ್ರೆಗಳು. ಸಿಗ್ನಲ್ಲಿನಲ್ಲಿ ನನ್ನ ಪಕ್ಕ ಒಬ್ಬಾಕೆ ಬಂದು ನಿಂತರು. ಆಸ್ಪತ್ರೆಯ ನೀಲಿ ಉಡುಪು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಹ್ಯಾಂಡಲಿಗೆ ತೂಗುಹಾಕಿದ ಊಟದ ಚೀಲ. ಹಸಿರು ಬಿದ್ದ ಕೂಡಲೇ ಜೋರಾಗಿ ತುಳಿದು ಮುಂದೆ ಹೋದರು, ಮಕ್ಕಳ ಆಸ್ಪತ್ರೆಯ ಹತ್ತಿರ ಇಳಿದರು. ಅವರಿಗೂ ಕಾರುಗಳಿಗೂ ನಡುವೆ ಇದ್ದದ್ದು ಮೊಣಕಾಲೆತ್ತರವೂ ಇಲ್ಲದ ತಡೆ. ಅದನ್ನೂ ಕಿತ್ತುಬಿಟ್ಟರೆ ಅವರು ಎಲ್ಲಿ ಹೋಗಬೇಕು ಅಂತ ಹೊಟ್ಟೆ ಕಿವುಚಿದಂತಾಯಿತು.

ಆ ಹೊತ್ತಿಗೆ ಲೇನ್ ಉಳಿಸಿದ್ದು ಕೋರ್ಟು. ಸೈಕಲ್ ಟೊರೊಂಟೊ ಸಂಘಟನೆ ಮತ್ತು ಇಬ್ಬರು ಸವಾರರು ದಾವೆ ಹೂಡಿದ್ದರು. ಲೇನ್ ತೆಗೆದರೆ ಜನರ ಜೀವಕ್ಕೆ ಅಪಾಯ ಜಾಸ್ತಿ, ಜಾಮ್ ಕಡಿಮೆಯಾಗುತ್ತದೆ ಅನ್ನೋದಕ್ಕೆ ಸಾಕ್ಷ್ಯವಿಲ್ಲ ಎಂದು ನ್ಯಾಯಾಧೀಶ ಪಾಲ್ ಶಾಬಸ್ 2025ರ ಜುಲೈ 30ರಂದು ತೀರ್ಪು ಕೊಟ್ಟರು. ಪ್ರಾಂತ್ಯ ಮೇಲ್ಮನವಿ ಹಾಕುವುದಾಗಿ ಹೇಳಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಗೆದ್ದದ್ದು ಜೀವದ ಹಕ್ಕು, ನಗರಸಭೆಯ ಅಧಿಕಾರ ಅಲ್ಲ. 1867ರ ಸಂವಿಧಾನದ ಪ್ರಕಾರ ಕೆನಡಾದ ನಗರಸಭೆಗಳು ಪ್ರಾಂತ್ಯದ ಕೈಕೆಳಗೇ ಇವೆ. ಆ ಬೇಲಿ ಹಾಗೇ ಇದೆ.

ನಗರ ಯಾವಾಗಲೂ ಸರಿ ಅಂತಲ್ಲ. ಜಾರ್ವಿಸ್ ಸ್ಟ್ರೀಟಿನ ಲೇನನ್ನು 2012ರಲ್ಲಿ ತೆಗೆಸಿದ್ದು ಇದೇ ನಗರಸಭೆ. ಅದು ತಪ್ಪು ಅಂತಲೇ ನನ್ನ ಅನಿಸಿಕೆ. ಆದರೆ ಆ ರಸ್ತೆಯವರು ತಮ್ಮ ಕೌನ್ಸಿಲರ್ ಬಾಗಿಲಿಗೇ ಹೋಗಿ ಕೇಳಬಹುದಿತ್ತು, ಅಲ್ವಾ? ಇಡೀ ಪ್ರಾಂತ್ಯ ನೋಡಿಕೊಳ್ಳುವವರಿಗೆ ಈ ಸಿಗ್ನಲ್ಲು, ಈ ತಿರುವು ಹೇಗೆ ಗೊತ್ತಾಗಬೇಕು?

ಸಿಟಿ ಹಾಲಿನ ಹತ್ತಿರ ಸೈಕಲ್ಲನ್ನು ಸ್ಟ್ಯಾಂಡಿಗೆ ತಳ್ಳಿದೆ. ಹಸಿರು ದೀಪ ಹತ್ತಿತು. ತಂಗಿಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡ, ಬ್ಲೂರ್ ಕಡೆಗೂ ಹೋಗಿಬರುತ್ತೇನೆ ಅಂದೆ.