ಫ್ಯಾನ್ ತಿರುಗ್ತಿತ್ತು, ಡಿಸ್ಪ್ಲೇ ಇರಲಿಲ್ಲ

ನಮ್ಮ ಸಾಗರ ತಾಲೂಕಿನ ಕಡೆ ಮಳೆ ಹಿಡಿಯಿತು ಅಂದರೆ ನನಗೆ ಬರುವ ಫೋನಲ್ಲಿ ಜಾಸ್ತಿ ಒಂದೇ ಮಾತು. "ಸಿಸ್ಟಂ ಆನ್ ಆಗ್ತದೆ, ಡಿಸ್ಪ್ಲೇ ಬರ್ತಿಲ್ಲ." ಹಾರ್ಡ್‌ವೇರ್ ಅಂದರೆ ಕಂಪ್ಯೂಟರ್ ರಿಪೇರಿಗೆ ಇಳಿದು ಹನ್ನೊಂದು ವರ್ಷ ಆಯಿತು. ಈ ಕಂಪ್ಲೇಂಟಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದರೆ ಹೊಸದಾಗಿ ಕೆಲಸಕ್ಕೆ ಬರುವ ಹುಡುಗರು ಇವತ್ತಿಗೂ ಅದನ್ನೇ ಮಾಡುವುದನ್ನು ನೋಡುತ್ತಿದ್ದೇನೆ.

ಅದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಒಬ್ಬ ಅಕ್ಕ ನಡೆಸುತ್ತಿದ್ದರು. ಜುಲೈ ತಿಂಗಳು, ಯಾವುದೋ ಅರ್ಜಿಗೆ ಕೊನೆ ದಿನ, ಬಾಗಿಲ ತನಕ ಜನ, ಹೊರಗೆ ಸುರಿಯುವ ಮಳೆ. "ನಿನ್ನೆ ರಾತ್ರಿ ಸರಿ ಇತ್ತು ಮಾರಾಯ, ಬೆಳಿಗ್ಗೆಯಿಂದ ಹೀಗೆ" ಅಂದರು. ಬಟನ್ ಒತ್ತಿದೆ. ಪ್ರೊಸೆಸರ್ ಫ್ಯಾನ್ ತಿರುಗಿತು, ಮುಂದಿನ ದೀಪ ಹತ್ತಿತು, ಮಾನಿಟರ್‌ನಲ್ಲಿ ನೋ ಸಿಗ್ನಲ್. ಕೇಬಲ್ ಬದಲಿಸಿ ನೋಡಿದೆ, ಇಲ್ಲ. ರ‍್ಯಾಮ್ ಅಂದರೆ ಮೆಮೊರಿ ಪಟ್ಟಿ, ಅದನ್ನು ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದೆ, ಇಲ್ಲ. ಬ್ಯಾಗಲ್ಲಿದ್ದ ಇನ್ನೊಂದು ರ‍್ಯಾಮ್ ಅದೇ ಜಾಗಕ್ಕೆ ಹಾಕಿದೆ, ಆಗಲೂ ಇಲ್ಲ. "ಮದರ್‌ಬೋರ್ಡ್ ಹೋಗಿದೆ ಅಕ್ಕ" ಅಂದುಬಿಟ್ಟೆ. ಹಳೆಯ ಎಚ್61 ಬೋರ್ಡ್, ಹೋಗಿರಬಹುದು ಅಂತ ಅವರೂ ಒಪ್ಪಿದರು. ಸಂಜೆಯೊಳಗೆ ಬೇರೆ ಬೋರ್ಡ್ ಕೂರಿಸಿ 3,200 ರೂಪಾಯಿ ತೆಗೆದುಕೊಂಡೆ. ಹಳೇದನ್ನು "ನೀನೇ ಇಟ್ಕೋ" ಅಂತ ಕೊಟ್ಟರು.

ಎರಡು ತಿಂಗಳಾದ ಮೇಲೆ ಒಂದು ಪ್ರೊಸೆಸರ್ ಚೆಕ್ ಮಾಡಬೇಕಿತ್ತು. ಆ ಬೋರ್ಡಿನ ಸಾಕೆಟ್‌ಗೆ ಅದು ಹೊಂದುತ್ತಿತ್ತು, ಹೇಗೂ ಸತ್ತ ಬೋರ್ಡ್, ನೋಡೋಣ ಅಂತ ಟೇಬಲ್ ಮೇಲಿಟ್ಟೆ. ಅಷ್ಟರಲ್ಲಿ ಬೀಪ್ ಸದ್ದು ಮಾಡುವ ನಾಲ್ಕು ಪಿನ್ನಿನ ಚಿಕ್ಕ ಬಜರ್ ಒಂದನ್ನು ತಂದಿಟ್ಟುಕೊಂಡಿದ್ದೆ. ಸ್ಪೀಕರ್ ಪಿನ್ನಿಗೆ ಅದನ್ನು ಸಿಕ್ಕಿಸಿ, ರ‍್ಯಾಮ್ ಹಾಕದೆ ಆನ್ ಮಾಡಿದೆ. ಬೀಪ್ ಬಂತು. ಮತ್ತೆ ಬಂತು. ಸುಮ್ನೆ ಕೂತು ಕೇಳುತ್ತಿದ್ದೆ. ಸತ್ತ ಬೋರ್ಡ್ ಕೂಗುವುದಿಲ್ಲ, ಅಲ್ವಾ?

ಇಲ್ಲಿ ಒಳಗೆ ನಡೆಯುವುದನ್ನು ಸ್ವಲ್ಪ ಹೇಳಲೇಬೇಕು. ಫ್ಯಾನ್ ತಿರುಗಲು 12 ವೋಲ್ಟ್ ಬಂದರೆ ಸಾಕು, ಅದರಿಂದ ಬೋರ್ಡ್ ಕೆಲಸ ಮಾಡುತ್ತಿದೆ ಅಂತಲೂ ಆಗುವುದಿಲ್ಲ, ಹೋಗಿದೆ ಅಂತಲೂ ಆಗುವುದಿಲ್ಲ. ಎಸ್‌ಎಂಪಿಎಸ್ ಅನ್ನುವ ಪವರ್ ಡಬ್ಬಿ ಕರೆಂಟ್ ಸರಿಯಿದೆ ಅಂತ ಸಿಗ್ನಲ್ ಕೊಟ್ಟ ಮೇಲೆ ಪ್ರೊಸೆಸರ್ ಎದ್ದು, ಬಯೋಸ್ ಚಿಪ್ಪಿನಲ್ಲಿರುವ ಮೊದಲ ಪ್ರೋಗ್ರಾಂ ಓದಿ, ರ‍್ಯಾಮ್ ಹುಡುಕುತ್ತದೆ. ರ‍್ಯಾಮ್ ಸಿಕ್ಕಿದ ಮೇಲೆಯೇ ಪರದೆಗೆ ಚಿತ್ರ ಹೋಗುವುದು. ಅಂದರೆ ರ‍್ಯಾಮ್ ತನಕ ಏನೇ ಎಡವಟ್ಟಾದರೂ ತೆರೆ ಮೇಲೆ ಒಂದಕ್ಷರ ಬರುವುದಿಲ್ಲ. ಅಂಥ ಹೊತ್ತಲ್ಲಿ ಅದಕ್ಕೆ ಇರುವ ಬಾಯಿ ಬಜರ್ ಒಂದೇ. ಬೀಪಿನ ಲೆಕ್ಕ ಕಂಪನಿಗೊಂದು ಥರ, ಅದನ್ನು ಬಾಯಿಪಾಠ ಮಾಡಬೇಕಿಲ್ಲ. ರ‍್ಯಾಮ್ ತೆಗೆದು ಆನ್ ಮಾಡಿದಾಗ ಹೇಗೆ ಕೂಗಿದರೂ ಸರಿ, ಪ್ರೊಸೆಸರ್ ಮತ್ತು ಬಯೋಸ್ ಜೀವಂತ ಇವೆ. ಈಗಿನ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಬಜರ್ ಕೊಡುವುದೇ ಇಲ್ಲ. ಅಕ್ಕನ ಕ್ಯಾಬಿನೆಟ್‌ನಲ್ಲೂ ಇರಲಿಲ್ಲ. ಆ ಮೌನವನ್ನು ನಾನು ಬೋರ್ಡಿನ ಸಾವು ಅಂದುಕೊಂಡಿದ್ದೆ.

ಟಾರ್ಚ್ ಹಿಡಿದು ರ‍್ಯಾಮ್ ಕೂರಿಸುವ ಮೊದಲನೇ ಸ್ಲಾಟ್ ನೋಡಿದೆ. ಅದು ಡಿಡಿಆರ್3 ಅನ್ನುವ ಬಗೆಯ ರ‍್ಯಾಮಿನ ಸ್ಲಾಟ್, 240 ಪಿನ್, ಕೂದಲಿನಷ್ಟು ತೆಳ್ಳಗೆ ಸಾಲಾಗಿ ನಿಂತಿರುತ್ತವೆ. ಮಧ್ಯದ ಗೆರೆಗೆ ಸ್ವಲ್ಪ ಆಚೆ, ತಳದಲ್ಲಿ ಒಂದು ಕೆಂಪಿರುವೆ. ಒಣಗಿ, ಚಪ್ಪಟೆಯಾಗಿ, ಎರಡು ಮೂರು ಪಿನ್ನಿಗೆ ಅಂಟಿಕೊಂಡಿತ್ತು. ರ‍್ಯಾಮ್ ಒತ್ತಿ ಒತ್ತಿ ಅದನ್ನು ಇನ್ನೂ ಒಳಗೆ ಕೂರಿಸಿದ್ದವನು ನಾನೇ. ಮಳೆಗಾಲದಲ್ಲಿ ಇರುವೆಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ, ಆ ಕ್ಯಾಬಿನೆಟ್ ಹಿಂದೆ ಕಾರ್ಡ್ ಕೂರಿಸುವ ಜಾಗದ ಎರಡು ತಗಡುಪಟ್ಟಿ ಇರಲೇ ಇಲ್ಲ. ಎರಡನೇ ಸ್ಲಾಟ್‌ಗೆ ರ‍್ಯಾಮ್ ಹಾಕಿದೆ, ಡಿಸ್ಪ್ಲೇ ಬಂತು. ಮೊದಲನೆಯದನ್ನು ಮೆತ್ತನೆ ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿದೆ, ಅಲ್ಲೂ ಬಂತು. ಅವತ್ತು ಅಂಗಡಿಯಲ್ಲಿ ರ‍್ಯಾಮ್ ಬದಲಿಸಿದ್ದೆ, ಸ್ಲಾಟ್ ಬದಲಿಸಿರಲಿಲ್ಲ. ಪಕ್ಕದಲ್ಲೇ ಖಾಲಿ ಸ್ಲಾಟ್ ಇತ್ತು. ಹತ್ತು ಸೆಕೆಂಡಿನ ಕೆಲಸ.

ಅವತ್ತಿಂದ ನಾನು ಹೋಗುವ ದಾರಿ ಬೇರೆ. ಮೊದಲು ಕೀಬೋರ್ಡಿನ ನಂ ಲಾಕ್ ಒತ್ತುತ್ತೇನೆ. ದೀಪ ಹತ್ತಿ ಆರಿದರೆ ಸಿಸ್ಟಂ ಒಳಗೆ ಓಡುತ್ತಿದೆ, ತೊಂದರೆ ಮಾನಿಟರ್, ಕೇಬಲ್ ಅಥವಾ ಗ್ರಾಫಿಕ್ಸ್ ಕಡೆ, ರ‍್ಯಾಮ್ ಮುಟ್ಟುವ ಅಗತ್ಯವೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಇದೆಯಾ ನೋಡಬೇಕು, ಗುಡಿಸುವಾಗ ಕಳಚಿ ಬೋರ್ಡಿಗೆ ಸಿಕ್ಕಿಸಿದವರು ಎಷ್ಟೋ ಜನ. ಇಂಟೆಲ್‌ನ 12400ಎಫ್ ಥರ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೋರ್ಡಿನ ಎಚ್‌ಡಿಎಂಐಗೆ ಎಷ್ಟು ಹೊತ್ತು ಹಾಕಿಟ್ಟರೂ ಏನೂ ಬರುವುದಿಲ್ಲ. ಮಾನಿಟರ್ ಪೂರ್ತಿ ಕಪ್ಪಗಿದ್ದರೆ ಓರೆಯಾಗಿ ಟಾರ್ಚ್ ಬಿಡಿ, ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂದಿನ ಬೆಳಕು.

ನಂ ಲಾಕ್ ಹತ್ತದಿದ್ದರೆ ಮಾತ್ರ ಒಳಗೆ ಕೈ. ವೈರ್ ಕಳಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿಹಿಡಿದು, ಕ್ಯಾಬಿನೆಟ್ ತಗಡು ಮುಟ್ಟಿ ಆಮೇಲೆ ಕೆಲಸ. ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ವೈರ್ ಸರಿಯಾಗಿ ಕೂತಿದೆಯಾ ನೋಡುತ್ತೇನೆ, ಅದು ಸಡಿಲ ಇದ್ದರೂ ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುವುದಿಲ್ಲ. ಆಮೇಲೆ ಬಜರ್. ಆಮೇಲೆ ಒಂದೇ ರ‍್ಯಾಮ್, ಒಂದೊಂದೇ ಸ್ಲಾಟ್, ಟಾರ್ಚ್ ಬಿಟ್ಟು ನೋಡಿಯೇ ಹಾಕುವುದು. ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕುವುದೂ ಒಮ್ಮೊಮ್ಮೆ ಕೈ ಹಿಡಿಯುತ್ತದೆ. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಸಿಸ್ಟಂ ಆದರೆ ಮೊದಲ ಸಲ ಡಿಸ್ಪ್ಲೇ ಬರಲು ಕೆಲವು ನಿಮಿಷವೇ ಹಿಡಿಯಬಹುದು, ಗಾಬರಿಯಲ್ಲಿ ಆಫ್ ಮಾಡಬೇಡಿ.

ಮಾರನೇ ದಿನ ಬೋರ್ಡ್ ಹಿಡಿದುಕೊಂಡು ಅಕ್ಕನ ಅಂಗಡಿಗೆ ಹೋದೆ. ಇದ್ದದ್ದು ಇದ್ದ ಹಾಗೆ ಹೇಳಿ, 3,200 ರೂಪಾಯಿ ಟೇಬಲ್ ಮೇಲಿಟ್ಟೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊಸ ಬೋರ್ಡಿನ ದುಡ್ಡು ನನ್ನ ಕೈಗೇ ವಾಪಸ್ ಕೊಟ್ಟು, ಕೂಲಿಯ ಭಾಗ ಮಾತ್ರ ಇಟ್ಟುಕೊಂಡರು. "ಹಳೇದನ್ನು ಮಗಳಿಗೆ ಒಂದು ಸಿಸ್ಟಂ ಮಾಡಿಕೊಡು, ಅದಕ್ಕೆ ಕೂಲಿ ಕೇಳ್ಬೇಡ" ಅಂದರು. ಮಾಡಿಕೊಟ್ಟೆ, ಹಿಂದಿನ ತಗಡುಪಟ್ಟಿ ಎರಡೂ ಹಾಕಿ, ಒಳಗೆ ಬಜರ್ ಸಿಕ್ಕಿಸಿ.

ಹೋದ ಮಳೆಗಾಲದಲ್ಲಿ ಆ ಹುಡುಗಿ ಫೋನ್ ಮಾಡಿದ್ದಳು. "ಅಣ್ಣ, ಡಿಸ್ಪ್ಲೇ ಬರ್ತಿಲ್ಲ. ನಂ ಲಾಕ್ ಹತ್ತುತ್ತಿಲ್ಲ, ಬೀಪ್ ಮಾತ್ರ ಬರ್ತಾ ಇದೆ." ಟಾರ್ಚ್ ಇದೆಯಾ ಅಂತ ಕೇಳಿದೆ. "ಆಗ್ಲೇ ಹಿಡ್ಕೊಂಡು ಕೂತಿದೀನಿ" ಅಂದಳು.