ಹಿಂದಕ್ಕೆ ಹೋದ ತಾರೀಖು

17 ಸೆಪ್ಟೆಂಬರ್ 2022, ಶನಿವಾರ
ಡಲ್ಲಾಸ್

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ತಿಪಟೂರಿನಲ್ಲಿ ಆಗ ದೀಪ ಹಚ್ಚುವ ಹೊತ್ತು.

"ಏನೋ, ಬಂತಾ ಆ ಕಾರ್ಡು?"

"ಇಲ್ಲಮ್ಮ. ತಾರೀಖು ಹಿಂದಕ್ಕೆ ಹೋಯ್ತು."

"ಮುಂದಕ್ಕೆ ಹೋಯ್ತು ಅನ್ನು. ಹಿಂದಕ್ಕೆ ಹೇಗೋ ಹೋಗುತ್ತೆ?"

ಅಪ್ಪನ ಜಮೀನಿನ ಕೇಸಿಗೆ ಕೋರ್ಟ್ ಅಲೆದವಳು ಅವಳು. ತಾರೀಖು ಮುಂದಕ್ಕೆ ಹೋಗುವುದೇ ಅವಳಿಗೆ ಗೊತ್ತಿರುವ ಕಷ್ಟ. ನಮ್ಮದು ಗ್ರೀನ್ ಕಾರ್ಡಿನ ಕ್ಯೂ, ಅಮೆರಿಕದಲ್ಲಿ ಕಾಯಂ ಆಗಿ ಇರಲು ಸಿಗುವ ಕಾರ್ಡಿಗೆ ಕಾಯುವುದು. ಇಲ್ಲಿ ಎಲ್ಲ ಉಲ್ಟಾ. ಮುಂದಕ್ಕೆ ಹೋದರೆ ಪಾಯಸ, ಹಿಂದಕ್ಕೆ ಹೋದರೆ ಸುಮ್ನೆ ಮಲಗುವುದು. ಯಾರ ಸರದಿ ಬಂತು ಅಂತ ಸರ್ಕಾರ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನ ಅಕ್ಟೋಬರ್ ಪಟ್ಟಿಯಲ್ಲಿ, ಇಂಡಿಯಾ ಇಬಿ-2 (ಕೆಲಸದ ಮೇಲೆ ಕಾರ್ಡ್ ಕೊಡುವ ಎರಡನೇ ವರ್ಗ) ಸಾಲಿಗೆ 1 ಏಪ್ರಿಲ್ 2012 ಅಂತಿದೆ. ಆಗಸ್ಟ್‌ನಲ್ಲಿ ಇದೇ ಜಾಗದಲ್ಲಿ 1 ಡಿಸೆಂಬರ್ 2014 ಇತ್ತು. ನನ್ನ ಪ್ರಯಾರಿಟಿ ಡೇಟ್, ಅಂದರೆ ಕ್ಯೂನಲ್ಲಿ ನನ್ನ ಜಾಗ ಹೇಳುವ ತಾರೀಖು, 2013ರದ್ದು. ಬುಲೆಟಿನ್ ತಾರೀಖು ಅದನ್ನು ದಾಟಿದರೆ ಮಾತ್ರ ಕಾರ್ಡ್. ಬಾಗಿಲು ನನ್ನನ್ನು ದಾಟಿ ಹೋಗಿ, ಮತ್ತೆ ವಾಪಸ್ ಬಂದು ಮುಚ್ಚಿಕೊಂಡಿತು.

ಅಮ್ಮನಿಗೆ ಹೇಳಲು ನೋಡಿದೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ಒಂದು ದೇಶಕ್ಕೆ ನೂರಕ್ಕೆ ಏಳು. ಇಂಡಿಯಾಕ್ಕೂ ಏಳು, ಐಸ್‌ಲ್ಯಾಂಡಿಗೂ ಏಳು. ಕೊರೊನಾ ಸಮಯದಲ್ಲಿ ಎಂಬೆಸಿಗಳು ಮುಚ್ಚಿ, ಕುಟುಂಬದ ಕೋಟಾದಲ್ಲಿ ಉಳಿದ ನಂಬರ್‌ಗಳು ನಮ್ಮ ಕಡೆ ಬಂದವು. ಹಾಗಾಗಿಯೇ ಈ ವರ್ಷ ತಾರೀಖು ಅಷ್ಟು ಓಡಿದ್ದು. ಬಂದದ್ದನ್ನೂ ಪೂರ್ತಿ ಹಂಚಲಿಲ್ಲ, ಹೋದ ವರ್ಷ ಅರವತ್ತು ಸಾವಿರಕ್ಕೂ ಜಾಸ್ತಿ ವ್ಯರ್ಥವಾದವು.

"ಮದುವೆ ಮನೇಲಿ ಅನ್ನ ಚೆಲ್ಲಿದ ಹಾಗಾಯ್ತಲ್ಲೋ," ಅಂದಳು. ಅಷ್ಟು ಅರ್ಥವಾದರೆ ಸಾಕು.

ಹೇಳದೆ ಬಿಟ್ಟದ್ದು ಬೇರೆ. 2020ರ ಅಕ್ಟೋಬರ್‌ನಲ್ಲಿ ಒಂದು ಮೆಟ್ಟಿಲು ಕೆಳಗಿನ ವರ್ಗವಾದ ಇಬಿ-3ಗೆ ಇಳಿದು ಐ-485, ಅಂದರೆ ಗ್ರೀನ್ ಕಾರ್ಡಿನ ಕೊನೆಯ ಅರ್ಜಿ, ಹಾಕಿದ್ದೆವು. ಈ ವರ್ಷ ಇಬಿ-2 ಓಡಿತು ಅಂತ ಮತ್ತೆ ಆ ಕಡೆ ಹಾರಿದೆವು. 2020ರಲ್ಲಿ ಮಾಡಿಸಿದ ಮೆಡಿಕಲ್ ತಪಾಸಣೆಗೆ ಎರಡೇ ವರ್ಷ ಆಯಸ್ಸಿತ್ತು. ಆಗಸ್ಟ್ ಮೊದಲ ವಾರ, ಹೊಸದು ಕಳಿಸಿ ಅಂತ ಪತ್ರ ಬಂತು. ನಾನೂ ಹೆಂಡತಿಯೂ ಮಾರನೇ ದಿನವೇ ರಕ್ತ ಕೊಟ್ಟು ಬಂದೆವು. ಸೀಲ್ ಮಾಡಿದ ಲಕೋಟೆ ಲಾಯರ್ ಆಫೀಸಿನ ಯಾರದೋ ಮೇಜಿನ ಮೇಲೆ ಹನ್ನೊಂದು ದಿನ ಕೂತಿತ್ತು. ರಜೆಯಲ್ಲಿದ್ದರಂತೆ. ಸೆಪ್ಟೆಂಬರ್ 6ಕ್ಕೆ ಈ ವರ್ಷದ ಇಬಿ-2 ನಂಬರ್ ಮುಗಿಯಿತು ಅಂತ ಪ್ರಕಟಣೆ. ಆ ಹನ್ನೊಂದು ದಿನ ಇಲ್ಲದಿದ್ದರೆ ಕಾರ್ಡ್ ಬರುತ್ತಿತ್ತಾ? ಯಾರಿಗೆ ಗೊತ್ತು. ಆದರೂ ರಾತ್ರಿ ಎಚ್ಚರವಾದಾಗ ಆ ಮೇಜೇ ಕಣ್ಣಿಗೆ ಬರುತ್ತದೆ.

"ರೀ, ಅದು ಬಿಡಿ. ನನ್ನ ವರ್ಕ್ ಪರ್ಮಿಟ್ ಫೆಬ್ರವರಿಗೆ ಮುಗಿಯುತ್ತೆ, ಈಗಲೇ ಹಾಕಬೇಕು," ಅಂತ ಇವಳು ಫಾರಂ ತಂದಿಟ್ಟಳು. ಫೋಟೊ ಬೇಕು, ಹಿಂದೆ ಬಿಳಿ ಗೋಡೆ ಇರಬೇಕು. ಇಲ್ಲೇ ಹುಟ್ಟಿ, ಈ ಕ್ಯೂನ ಕಾಟವೇ ಇಲ್ಲದ ಮಗಳು ಕ್ರೇಯಾನ್ ಗೀಚದ ಗೋಡೆ ಮನೆಯಲ್ಲಿ ಒಂದೂ ಇಲ್ಲ. ಕೊನೆಗೆ ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಲ್ಲಿಸಿ ತೆಗೆದೆ.