ಎರಡೂ ಪಕ್ಕ ಫಿಕ್ಸ್, ನಡುವಿನ ಕಾಲಮ್ ಮಾತ್ರ ಹಿಗ್ಗಬೇಕು, ಹೇಗೆ?

ಸಿಎಸ್‌ಎಸ್ (ವೆಬ್ ಪುಟದ ಅಂದ, ಜೋಡಣೆ ಹೇಳೋ ಭಾಷೆ) ಕಲಿಯೋಕೆ ಶುರು ಮಾಡಿದವರು ನನ್ನನ್ನ ಪದೇ ಪದೇ ಕೇಳೋದು ಇದನ್ನೇ. ಎಡಕ್ಕೆ 200 ಪಿಕ್ಸೆಲ್ ಮೆನು, ಬಲಕ್ಕೆ 300 ಪಿಕ್ಸೆಲ್ ಸೈಡ್‌ಬಾರ್, ಇವೆರಡೂ ಅಲ್ಲಾಡಬಾರದು, ನಡುವಿನದು ಮಾತ್ರ ಸ್ಕ್ರೀನ್ ಎಷ್ಟಿದ್ಯೋ ಅಷ್ಟಕ್ಕೆ ಹಿಗ್ಗಬೇಕು ಕುಗ್ಗಬೇಕು, ಏನ್ ಮಾಡೋದು?

ಗ್ರಿಡ್ ಬಳಸಿ, ಅಂದ್ರೆ ಪುಟವನ್ನ ಸಾಲು, ಕಾಲಮ್‌ಗಳಾಗಿ ಹಂಚೋ ಸಿಎಸ್‌ಎಸ್ ವಿಧಾನ. ಮೂರನ್ನೂ ಸುತ್ತಿರೋ ಹೊರಗಿನ ಡಿವ್‌ಗೆ (ಡಬ್ಬಿಗೆ) ಡಿಸ್‌ಪ್ಲೇ ಗ್ರಿಡ್ ಕೊಟ್ಟು, ಗ್ರಿಡ್-ಟೆಂಪ್ಲೇಟ್-ಕಾಲಮ್ಸ್‌ನಲ್ಲಿ 200 ಪಿಕ್ಸೆಲ್, ಆಮೇಲೆ ಮಿನ್‌ಮ್ಯಾಕ್ಸ್ (ಕನಿಷ್ಠ, ಗರಿಷ್ಠ ಅಗಲ) ಒಳಗೆ 0 ಮತ್ತೆ 1 ಎಫ್‌ಆರ್, ಕೊನೆಗೆ 300 ಪಿಕ್ಸೆಲ್ ಅಂತ ಬರೀರಿ, ಮುಗೀತು. ಎಫ್‌ಆರ್ ಅಂದ್ರೆ ಫಿಕ್ಸ್ ಅಳತೆ, ಗ್ಯಾಪ್ ಎಲ್ಲಾ ಕಳೆದ್ಮೇಲೆ ಉಳಿದ ಜಾಗದಲ್ಲಿ ಒಂದು ಪಾಲು. ಒಟ್ಟು ಅಗಲ 1200, ಕಾಲಮ್‌ಗಳ ನಡುವಿನ ಎರಡು ಗ್ಯಾಪ್ ತಲಾ 20 ಇದ್ರೆ ನಡುವಿನದಕ್ಕೆ 660 ಸಿಗುತ್ತೆ, ಲೆಕ್ಕ ಬ್ರೌಸರ್ರೇ ಮಾಡ್ಕೊಳ್ಳುತ್ತೆ.

ಬರೀ 1 ಎಫ್‌ಆರ್ ಸಾಲಲ್ವಾ ಅಂತೀರಾ? ಇಲ್ಲೇ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋದು. ಬರೀ 1 ಎಫ್‌ಆರ್ ಬರೆದ್ರೆ ಅದರ ಕನಿಷ್ಠ ಅಗಲ ಆಟೋ ಆಗಿರುತ್ತೆ, ಅಂದ್ರೆ ಒಳಗಿರೋ ಕಂಟೆಂಟ್ ಎಷ್ಟು ಕುಗ್ಗೋಕೆ ಸಾಧ್ಯವೋ ಅದಕ್ಕಿಂತ ಕಾಲಮ್ ಚಿಕ್ಕದಾಗಲ್ಲ, ಹಾಗಾಗಿ ಒಂದು ಉದ್ದದ ಕೋಡ್ ಸಾಲೋ, ಮುರಿಯದ ಲಿಂಕೋ, ದೊಡ್ಡ ಇಮೇಜೋ ಬಂತು ಅಂದ್ರೆ ನಡುವಿನ ಕಾಲಮ್ ಉಬ್ಬಿ ಬಲಗಡೆಯ ಸೈಡ್‌ಬಾರ್‌ನ ಸ್ಕ್ರೀನ್ ಆಚೆ ತಳ್ಳುತ್ತೆ, ಕೆಳಗೆ ಅಡ್ಡ ಸ್ಕ್ರೋಲ್ ಬರುತ್ತೆ. ಆ 0 ಇದ್ರೆ ಕಾಲಮ್ ಉಬ್ಬಲ್ಲ. ಆದ್ರೆ ಕಂಟೆಂಟ್ ಕಾಲಮ್‌ನಿಂದ ಆಚೆ ಚಾಚಬಹುದು, ಅದಕ್ಕೆ ಕೋಡ್ ಬ್ಲಾಕ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ (ಆಗ ಅದರೊಳಗೇ ಸ್ಕ್ರೋಲ್ ಆಗುತ್ತೆ), ಇಮೇಜ್‌ಗೆ ಮ್ಯಾಕ್ಸ್-ವಿಡ್ತ್ 100% ಕೊಡಿ.

ಫ್ಲೆಕ್ಸ್‌ಬಾಕ್ಸ್‌ನಲ್ಲೂ (ಡಬ್ಬಿಗಳನ್ನ ಒಂದು ಸಾಲಲ್ಲಿ ಜೋಡಿಸೋ ಇನ್ನೊಂದು ಸಿಎಸ್‌ಎಸ್ ವಿಧಾನ) ಆಗುತ್ತೆ. ಆದ್ರೆ ಅಲ್ಲಿ ಫ್ಲೆಕ್ಸ್-ಶ್ರಿಂಕ್ ಡೀಫಾಲ್ಟಾಗಿ 1, ಬರೀ ವಿಡ್ತ್ ಕೊಟ್ಟು ಬಿಟ್ರೆ ಜಾಗ ಸಾಲದಾಗ ಪಕ್ಕದವೂ ಕುಗ್ಗುತ್ವೆ. ಅವಕ್ಕೆ ಶ್ರಿಂಕ್ 0 ಮಾಡಿ, ನಡುವಿನದಕ್ಕೆ ಫ್ಲೆಕ್ಸ್ 1 ಜೊತೆ ಮಿನ್-ವಿಡ್ತ್ 0 ಹಾಕಿ.

ಇದೇ ಮೂರು ಕಾಲಮ್‌ಗೆ ಹಿಂದೆ ಬಳಸ್ತಿದ್ದ ಫ್ಲೋಟ್ ಮತ್ತು ನೆಗೆಟಿವ್ ಮಾರ್ಜಿನ್ ಟ್ರಿಕ್ ಕಲೀಬೇಕಾ ಅಂತಾನೂ ಕೇಳ್ತಾರೆ. ಬೇಡ. ಹೋಲಿ ಗ್ರೇಲ್ ಲೇಔಟ್ ಅಂತ 2006ರ ಹೊತ್ತಿಗೆ ಅದು ಫೇಮಸ್ ಆಗಿತ್ತು, ಆಗ ಬೇರೆ ಒಳ್ಳೆ ದಾರಿ ಇರ್ಲಿಲ್ಲ, ಮೂರೂ ಕಾಲಮ್ ಒಂದೇ ಎತ್ತರ ಬರೋಕೂ ಬೇರೆ ಸರ್ಕಸ್ ಮಾಡ್ಬೇಕಿತ್ತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52, ಕ್ರೋಮ್ 57ರಲ್ಲಿ ಗ್ರಿಡ್ ಬಂತು, ಈಗ ಎತ್ತರ ತಾನಾಗೇ ಸಮ ಬರುತ್ತೆ.

ಮೊಬೈಲ್ ಮಾತ್ರ ಮರೀಬೇಡಿ ದಯವಿಟ್ಟು. 360 ಪಿಕ್ಸೆಲ್ ಸ್ಕ್ರೀನ್‌ನಲ್ಲಿ ಪಕ್ಕದವೆರಡೇ ಸೇರಿ 500 ಕೇಳುತ್ವೆ, ನಡುವಿನದು ಸೊನ್ನೆಗೆ ಇಳಿಯುತ್ತೆ, ಓದೋಕೆ ಬಂದವರಿಗೆ ಓದೋ ಭಾಗವೇ ಕಾಣಲ್ಲ. ಅದಕ್ಕೆ ಮೊದಲು ಒಂದೇ ಕಾಲಮ್ ಇಟ್ಟು, ಅಗಲ 900 ದಾಟಿದ್ಮೇಲೆ ಮಾತ್ರ ಮೀಡಿಯಾ ಕ್ವೆರಿಯಲ್ಲಿ (ಸ್ಕ್ರೀನ್ ಅಗಲ ನೋಡಿ ಅನ್ವಯ ಆಗೋ ನಿಯಮ) ಈ ಮೂರು ಕಾಲಮ್ ಬರೀರಿ. ಎಚ್‌ಟಿಎಮ್‌ಎಲ್‌ನಲ್ಲಿ ಯಾವುದು ಮೊದಲಿದ್ಯೋ ಅದೇ ಆಗ ಮೇಲೆ ಬರುತ್ತೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳೋ ಸ್ಕ್ರೀನ್ ರೀಡರ್ ಓದೋದೂ ಟ್ಯಾಬ್ ಒತ್ತಿದಾಗ ಹೋಗೋದೂ ಸಾಮಾನ್ಯವಾಗಿ ಅದೇ ಕ್ರಮದಲ್ಲಿ, ಹಾಗಾಗಿ ಆ ಕ್ರಮ ಯಾವುದಿರ್ಬೇಕು ಅಂತ ಸಿಎಸ್‌ಎಸ್ ಮುಟ್ಟೋಕೆ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ.